ಗೇಟಿನ ಹತ್ತು ನಿಮಿಷ

ನಮ್ಮ ಶಾಲೆಯ ವ್ಯಾನ್ ಮಾವನ ಬಗ್ಗೆ ಬರೆಯುತ್ತೇನೆ ಎಂದಾಗ ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಬರೀರಿ, ಯಾರು ಬೇಡ ಅಂತಾರೆ? ಆದ್ರೆ ಆ ಹಾಳೆಗಳ ವಿಷಯ ಮಾತ್ರ ಬಿಟ್ಬಿಡಿ" ಎಂದರು. ನಿವೃತ್ತರಾಗಿ ವರ್ಷ ಕಳೆದರೂ ಅವರಿಗೆ ಮೇಲಿನವರ ಹೆದರಿಕೆ ಹೋಗಿಲ್ಲ. ಆ ಹಾಳೆಗಳನ್ನು ಬಿಟ್ಟರೆ ಈ ಕತೆ ಉಪ್ಪಿಲ್ಲದ ಅಡುಗೆ. ನನಗೂ ಇನ್ನೆರಡು ವರ್ಷಕ್ಕೆ ನಿವೃತ್ತಿ. ಆದ್ದರಿಂದ ಎಲ್ಲವನ್ನೂ ಬರೆಯುತ್ತೇನೆ, ನನ್ನ ತಪ್ಪನ್ನೂ ಸೇರಿಸಿ.

ವ್ಯಾನ್ ಮಾವನಿಗೆ ಅರವತ್ತು ದಾಟಿದೆ. ಮೈ ಕಡ್ಡಿಯಂತಿದ್ದರೂ ಗಂಟಲು ಹಾರನ್ನಿಗಿಂತ ಜೋರು. ಎಡಗೈಯಲ್ಲಿ ದೊಡ್ಡ ಮುಖದ ವಾಚು, ಅದರ ಗಾಜಿನಲ್ಲಿ ಒಂದು ಬಿರುಕು. ಬೆಳಿಗ್ಗೆ ಎಂಟಕ್ಕೆ ಮೊದಲ ಮಗು ಹತ್ತಿದರೆ ಎಂಟು ನಲವತ್ತಕ್ಕೆ ವ್ಯಾನು ಶಾಲೆಯ ಮುಂದೆ ನಿಲ್ಲಲೇಬೇಕು. ದಾರಿ ಅರ್ಧ ಗಂಟೆಯದು. ನಡುವೆ ಒಂದು ರೈಲ್ವೆ ಗೇಟಿದೆ, ಎಂಟು ಇಪ್ಪತ್ತಕ್ಕೆ ಗೂಡ್ಸ್ ಗಾಡಿ ಬರುತ್ತದೆಂದು ಹತ್ತು ನಿಮಿಷ ಹಾಕಿರುತ್ತಾರೆ. ವ್ಯಾನ್ ಮಾವ ಜಗತ್ತಿನಲ್ಲಿ ತಲೆಬಾಗುತ್ತಿದ್ದದ್ದು ಆ ಗೇಟಿಗೆ ಮಾತ್ರ. ಮಕ್ಕಳ ಅಪ್ಪಂದಿರು ಅರ್ಧ ನಿಮಿಷ ತಡಮಾಡಿದರೆ, "ಏನ್ ಸ್ವಾಮಿ, ಮಗೂನ ಇನ್ನೂ ಇಸ್ತ್ರಿ ಮಾಡ್ತಿದ್ದೀರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.

ವ್ಯಾನಿನೊಳಗೆ ಅವರದೇ ಕಾನೂನು. ಹಿಂದಿನ ಸಾಲು ಒಂದು ಮತ್ತು ಎರಡನೇ ತರಗತಿಯವರಿಗೆ. ನಡುವಿನ ಸಾಲು ಮೂರು, ನಾಲ್ಕಕ್ಕೆ. ಮುಂದಿನ ಸಾಲು ಐದು, ಆರಕ್ಕೆ. ಡ್ರೈವರ್ ಪಕ್ಕದ ಸೀಟು ಏಳನೆಯವರ ಸ್ವತ್ತು. ಅಲ್ಲಿ ಕೂತವರಿಗೆ ಶಾಲೆ ಮುಟ್ಟಿದ ಕೂಡಲೇ ಒಂದೇ ಒಂದು ಸಲ ಹಾರನ್ ಒತ್ತುವ ಹಕ್ಕು. ಹೊಸ ವರ್ಷದ ಪಾಠ ಶುರುವಾಗುವ ದಿನ ಮಕ್ಕಳೆಲ್ಲ ಹಳೆಯ ಜಾಗದಲ್ಲೇ ಕೂತಿರಬೇಕು. ಕೊನೆಯ ಮಗು ಹತ್ತಿದ ಮೇಲೆ ಮಾವ ಬಾಗಿಲಲ್ಲಿ ನಿಂತು, "ಏಳ್ರೋ, ಮುಂದಕ್ಕೆ ಬನ್ರೋ!" ಎಂದು ಕೂಗುತ್ತಿದ್ದರು. ಆಗ ಬ್ಯಾಗು, ನೀರಿನ ಬಾಟಲಿ, ಮೊಣಕೈ ಎಲ್ಲ ಒಂದಕ್ಕೊಂದು ಬಡಿದುಕೊಂಡು ಸಾಲುಗಳು ಮುಂದೆ ಸರಿಯುತ್ತಿದ್ದವು. ನಾನು ಕೊಡುವ ಅಂಕಪಟ್ಟಿಯನ್ನು ಮಕ್ಕಳು ಬ್ಯಾಗಿನ ತಳದಲ್ಲಿ ಮುದುಡಿ ಇಡುತ್ತಿದ್ದರು, ಆ ಕೂಗಿಗೆ ಮಾತ್ರ ವಾರದಿಂದ ಕಾಯುತ್ತಿದ್ದರು.

ನಡುವಿನ ಸಾಲಿನ ಕಿಟಕಿಯ ಪಕ್ಕ ಕೂರುತ್ತಿದ್ದವಳು ಚೋಟಿ, ವ್ಯಾನ್ ಮಾವನ ಮಗಳ ಮಗಳು. ಹುಟ್ಟಿದಾಗ ಚೋಟುದ್ದ ಇದ್ದಳಂತೆ, ಹೆಸರು ಅಂಟಿಕೊಂಡಿತು. ತಂದೆಯಿಲ್ಲದ ಮಗು. ತಾಯಿ ದೂರದ ಆಸ್ಪತ್ರೆಯಲ್ಲಿ ನರ್ಸು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದಳು. ಮಗು ಬೆಳೆದದ್ದು ಅಜ್ಜನ ಹತ್ತಿರ. ಆದರೆ ವ್ಯಾನಿನಲ್ಲಿ "ಅಜ್ಜ" ಅನ್ನುವಂತಿರಲಿಲ್ಲ. ಎಲ್ಲರಂತೆ ಅವಳೂ "ಮಾವ" ಅನ್ನಬೇಕು. "ಇಲ್ಲಿ ನಂಗೆ ಸ್ವಂತದವರು ಯಾರೂ ಇಲ್ಲ, ಇಳಿದ ಮೇಲೆ ನೋಡೋಣ" ಎನ್ನುತ್ತಿದ್ದರು ಮಾವ.

ಆಮೇಲೆ ಸಾಂಕ್ರಾಮಿಕ ಬಂತು. ಶಾಲೆಗೆ ಬೀಗ ಬಿದ್ದಾಗ ಚೋಟಿ ಮೂರನೇ ತರಗತಿ ಇನ್ನೂ ಮುಗಿಸಿರಲಿಲ್ಲ. ನಾಲ್ಕನೆಯದು ಹೆಚ್ಚುಕಡಿಮೆ ಪೂರ್ತಿ ಮನೆಯಲ್ಲೇ ಕಳೆಯಿತು. ನಾಲ್ಕನೇ ತರಗತಿ ನನ್ನದು. ಹದಿನೆಂಟು ವರ್ಷದಿಂದ ಅಲ್ಲೇ ಪಾಠ ಮಾಡುತ್ತಿದ್ದೇನೆ. ಫೋನಿನಲ್ಲಿ ಪಾಠ ಮಾಡಿ ಎಂದು ಆದೇಶ ಬಂತು. ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಅದೂ ಅಪ್ಪನ ಜೇಬಿನಲ್ಲಿ. ಕೊನೆಗೆ ನನ್ನ ತರಗತಿಗೆ ವಾರಕ್ಕೊಂದು ಅಭ್ಯಾಸದ ಹಾಳೆ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಲು ತೀರ್ಮಾನಿಸಿದೆವು. ಮುಟ್ಟಿಸುವವರು ಯಾರು ಎಂದು ಹೆಡ್ಮಾಸ್ಟರು ಕೇಳಿ ಮುಗಿಸುವ ಮೊದಲೇ ವ್ಯಾನ್ ಮಾವ ಕೀ ಹಿಡಿದು ನಿಂತಿದ್ದರು.

"ಸುಮ್ನೆ ನಿಂತ್ರೆ ಬ್ಯಾಟರಿ ಕೂತುಬಿಡುತ್ತೆ ಸಾರ್. ವ್ಯಾನಿಂದೂ, ನಂದೂ."

ಶಾಲೆಯ ಹತ್ತಿರದವರು ತಾವೇ ಬಂದು ಒಯ್ಯುತ್ತಿದ್ದರು, ವ್ಯಾನಿನ ಮಕ್ಕಳ ಮನೆಗಳು ಮಾವನ ಪಾಲು. ಸೋಮವಾರ ಹಾಳೆ ಕೊಡುವುದು, ಶನಿವಾರ ತುಂಬಿದ ಹಾಳೆ ತರುವುದು. ಉದ್ದನೆಯ ಕೋಲಿನ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಕಟ್ಟಿ, ಹಾಳೆ ಸಿಕ್ಕಿಸಿ, ಕಾಂಪೌಂಡಿನ ಮೇಲಿಂದ ಚಾಚುತ್ತಿದ್ದರಂತೆ. ಒಂದು ವಾರವೂ ತಪ್ಪಿಸಲಿಲ್ಲ.

ಇಲ್ಲಿ ನನ್ನ ತಪ್ಪು ಬರುತ್ತದೆ. ಆ ದಿನಗಳಲ್ಲಿ ನಮ್ಮ ಮನೆಯವರು ಒಳಕೋಣೆಯಲ್ಲಿ ಮಲಗಿದ್ದರು. ನನ್ನ ಕಣ್ಣು ಹಾಳೆಯ ಮೇಲೆ, ಕಿವಿ ಅವರ ಕೆಮ್ಮಿನ ಮೇಲೆ. ಸರಿ ಗುರುತು ಹಾಕಿದೆ, ಅಂಕ ಬರೆದೆ, ಕಟ್ಟಿಟ್ಟೆ. ಅವರೇನೋ ಎದ್ದು ಕೂತರು. ಹಾಳೆಗಳನ್ನು ಮಾತ್ರ ನಾನು ನೋಡಿಯೂ ನೋಡಿರಲಿಲ್ಲ. ವ್ಯಾನಿನಲ್ಲಿ ಬರುವ ನನ್ನ ತರಗತಿಯ ಏಳು ಮಕ್ಕಳದು ಒಂದು ಹಾಳೆಯೂ ಖಾಲಿ ಇರುತ್ತಿರಲಿಲ್ಲ. ಉಳಿದ ಮಕ್ಕಳ ತಾಯಂದಿರಿಗೆ ಫೋನು ಮಾಡಿ, "ವ್ಯಾನಿನ ಮಕ್ಕಳನ್ನ ನೋಡಿ ಕಲೀರಿ" ಎಂದು ಬೈದಿದ್ದೂ ಇದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಶಾಲೆ ಮತ್ತೆ ತೆರೆದಾಗ ವರ್ಷ ಮುಗಿಯಲು ಎರಡೇ ತಿಂಗಳಿತ್ತು. ಎಲ್ಲರೂ ಪಾಸು ಎಂದು ಸುತ್ತೋಲೆ ಬಂತು. ಅದರ ಕೊನೆಯಲ್ಲಿ ಇನ್ನೊಂದು ಮಾತಿತ್ತು: ಪೋಷಕರು ಬರೆದು ಕೊಟ್ಟರೆ ಮಗು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬಹುದು, ತರಗತಿಯ ಟೀಚರು ಸಲಹೆ ಕೊಡಬೇಕು. ಸ್ಟಾಫ್ ರೂಮಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು.

"ಅಡಿಪಾಯ ಇಲ್ದೆ ಮಹಡಿ ಕಟ್ತೀರಾ ಸಾರ್? ಎಲ್ಲರನ್ನೂ ಮತ್ತೆ ಕೂರಿಸಿ" ಎಂದೆ ನಾನು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

"ಕಾಯಿಲೆ ಬಂದಿದ್ದು ಊರಿಗೆ. ಶಿಕ್ಷೆ ಮಕ್ಕಳಿಗಾ?" ಎಂದರು ಹೆಡ್ಮಾಸ್ಟರು.

"ಕಲಿಸೋದು ಶಿಕ್ಷೆ ಹೇಗಾಗುತ್ತೆ?"

"ಕೂತು ನೋಡಿದ್ರೆ ಗೊತ್ತಾಗುತ್ತೆ ಮೇಡಂ. ಜೊತೆಯವರು ಮುಂದೆ ಹೋದಾಗ ಹಿಂದೆ ಕೂತು ನೋಡಿ."

ಜಗಳ ಮುಗಿಯಲಿಲ್ಲ. ಒಂದೊಂದೇ ಮಗುವನ್ನು ಕರೆದು ಓದಿಸಿ, ಲೆಕ್ಕ ಮಾಡಿಸಿ ನೋಡಿ ಹೇಳಿ ಎಂದು ಹೆಡ್ಮಾಸ್ಟರು ನನಗೇ ಕೆಲಸ ಅಂಟಿಸಿದರು. ನೋಡಿದೆ. ಹೆಚ್ಚಿನವರು ಎಡವುತ್ತಿದ್ದರು, ಆದರೆ ಕೈ ಹಿಡಿದರೆ ನಡೆಯುವ ಹಾಗಿದ್ದರು. ವ್ಯಾನಿನ ಮಕ್ಕಳನ್ನು ಕೊನೆಗೆ ಇಟ್ಟುಕೊಂಡಿದ್ದೆ, ಬುದ್ಧಿವಂತರಲ್ಲವೆ ಎಂದು. ಅವರು ಎಲ್ಲರಿಗಿಂತ ಕೆಳಗಿದ್ದರು. ಮನೆಯಲ್ಲಿ ಓದಿಸುವವರಿದ್ದ ಆರು ಜನ ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ಚೋಟಿಯ ಮುಂದೆ ಮೂರನೇ ತರಗತಿಯ ಪುಸ್ತಕ ಇಟ್ಟೆ. ಅವಳು ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಚಿತ್ರ ನೋಡಿದಳು, ಮತ್ತೆ ಅಕ್ಷರ ನೋಡಿದಳು, ನನ್ನ ಮುಖ ನೋಡಿದಳು. ಒಂದು ಸಾಲು ಮುಗಿಸಲು ಅವಳಿಗೆ ಆಗಲಿಲ್ಲ. ಹಾಳೆಗಳಲ್ಲಿ ಇದೇ ಮಗುವಿಗೆ ನಾನು ನೂರಕ್ಕೆ ತೊಂಬತ್ತು ಕೊಟ್ಟಿದ್ದೆ.

ನನಗೆ ಅನುಮಾನ ಉಳಿಯಲಿಲ್ಲ. ಚೋಟಿ ನಾಲ್ಕನೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕು. ಐದಕ್ಕೆ ಕಳಿಸಿದರೆ ಆರಕ್ಕೂ ಹೀಗೇ ಹೋಗುತ್ತಾಳೆ, ಏಳಕ್ಕೂ ಹೀಗೇ, ಆಮೇಲೆ ಒಂದು ದಿನ ಶಾಲೆಯನ್ನೇ ಬಿಡುತ್ತಾಳೆ. ಅರ್ಜಿಯ ಜೊತೆ ಚೀಟಿ ಬರೆದು ಅಜ್ಜನಿಗೆ ಕಳಿಸಿದೆ. ಶನಿವಾರದೊಳಗೆ ಸಹಿ ಮಾಡಿ ಕೊಡಬೇಕಿತ್ತು.

ಮಾರನೆಯ ದಿನ ಮಾವ ನನ್ನ ತರಗತಿಯ ಬಾಗಿಲಿಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ನಾನು ಸೆರಗು ಬಿಗಿದುಕೊಂಡೆ. ಅವರ ಗಂಟಲೇ ಏಳಲಿಲ್ಲ. ಖಾಲಿ ಅರ್ಜಿಯನ್ನು ಮೇಜಿನ ಮೇಲಿಟ್ಟು, "ಚೋಟಿ ಅದೇ ಸಾಲಲ್ಲಿ ಕೂರಲ್ಲ ಮೇಡಂ. ನಾನು ಸಹಿ ಹಾಕಲ್ಲ" ಎಂದರು. ಅಂಕದ ಮಾತು ಎತ್ತಿಯೇ ಎತ್ತುತ್ತಾರೆ, "ತೊಂಬತ್ತು ಕೊಟ್ಟೋರು ನೀವೇ ಅಲ್ವಾ?" ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಲಿಲ್ಲ. ತಿರುಗಿ ಹೋದರು. ಅಷ್ಟು ದೊಡ್ಡ ಬಾಯಿಯ ಮನುಷ್ಯ ಕೈಯಲ್ಲಿದ್ದ ಅಸ್ತ್ರವನ್ನೇ ಬಿಟ್ಟು ಹೋದದ್ದು ಯಾಕೆ ಎಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಶುಕ್ರವಾರ. ಅವತ್ತು ನನ್ನ ಸ್ಕೂಟರ್ ಮುಷ್ಕರ ಹೂಡಿತು. ರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದೆ, ವ್ಯಾನು ನಿಂತಿತು. ಮಾವ ಏಳನೇ ತರಗತಿಯ ಹುಡುಗಿಯನ್ನು ಹಿಂದೆ ಕಳಿಸಿ ನನಗೆ ಮುಂದಿನ ಸೀಟು ಕೊಟ್ಟರು. ರೈಲ್ವೆ ಗೇಟು ಬಂತು. ನಮ್ಮ ಕಣ್ಣೆದುರೇ ಕಂಬಿ ಕೆಳಗಿಳಿಯಿತು. ಮಾವ ಇಂಜಿನ್ ಆರಿಸಿ ವಾಚು ನೋಡಿ, ದಿನವೂ ಹೇಳುವ ಮಾತನ್ನು ತಮಗೇ ಹೇಳಿಕೊಂಡರು:

"ಎಂಟು ಇಪ್ಪತ್ತು. ಗೇಟಿಗೆ ಹತ್ತು ನಿಮಿಷ. ಎಂಟು ನಲವತ್ತಕ್ಕೆ ಸ್ಕೂಲು."

ಎಂಟು ನಲವತ್ತು. ಈ ಉತ್ತರವನ್ನು ನಾನು ಎಲ್ಲೋ ನೋಡಿದ್ದೆ, ಒಂದೇ ದಿನ ಮತ್ತೆ ಮತ್ತೆ ನೋಡಿದ್ದೆ. ಹಾಳೆಯ ಲೆಕ್ಕ ನೆನಪಾಯಿತು: ಬಸ್ಸು ಬೆಳಿಗ್ಗೆ ಎಂಟಕ್ಕೆ ಹೊರಡುತ್ತದೆ. ಒಂದು ಕಿಲೋಮೀಟರಿಗೆ ಎರಡು ನಿಮಿಷ ಬೇಕು. ಹದಿನೈದು ಕಿಲೋಮೀಟರ್ ಹೋಗಲು ಎಷ್ಟು ಹೊತ್ತು? ಎಷ್ಟು ಗಂಟೆಗೆ ತಲುಪುತ್ತದೆ? ಎಂಟೂವರೆಗೆ. ತರಗತಿಯ ಉಳಿದ ಮಕ್ಕಳು ಎಂಟೂವರೆ ಎಂದೋ, ಹನ್ನೊಂದು ಎಂದೋ, ತೋಚಿದ್ದನ್ನು ಬರೆದಿದ್ದರು. ವ್ಯಾನಿನ ಏಳೂ ಮಕ್ಕಳು ಎಂಟು ನಲವತ್ತು ಎಂದು ಬರೆದಿದ್ದರು. ಫೋನಿನಲ್ಲಿ ಕೇಳಿ ನಕಲು ಮಾಡಿದ್ದಾರೆಂದು ತಪ್ಪು ಗುರುತು ಹಾಕಿ ಮರೆತುಬಿಟ್ಟಿದ್ದೆ. ಅದು ಮಕ್ಕಳ ತಪ್ಪಲ್ಲ. ಕಾಗದದ ಮೇಲಿನ ಬಸ್ಸನ್ನೂ ಈ ಗೇಟಿನಲ್ಲಿ ನಿಲ್ಲಿಸದೆ ಮುಂದೆ ಬಿಡಲಾಗದವರು ಪ್ರಪಂಚದಲ್ಲಿ ಒಬ್ಬರೇ.

ನಾನು ಅವರ ಕಡೆ ತಿರುಗಿ ಮೆಲ್ಲಗೆ, "ಹದಿನೈದು ಕಿಲೋಮೀಟರ್ ಬಸ್ಸು" ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ ಮಾವ ಜೇಬಿನ ಪೆನ್ನು ಮುಟ್ಟಿಕೊಂಡರು. ಕಿವಿಯವರೆಗೂ ಕೆಂಪಾದರು. "ಸಾಯಂಕಾಲ ಮಾತಾಡೋಣ ಮೇಡಂ. ಮಕ್ಕಳಿದ್ದಾರೆ" ಎಂದರು.

ಸಂಜೆ ಮಕ್ಕಳನ್ನೆಲ್ಲ ಮನೆಗೆ ಮುಟ್ಟಿಸಿ ಅವರು ಮತ್ತೆ ಶಾಲೆಗೆ ಬಂದರು. ಚೋಟಿಯನ್ನು ವ್ಯಾನಿನಲ್ಲೇ ಕೂರಿಸಿ ಒಳಗೆ ಬಂದು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತರು. ಅಷ್ಟು ಹೊತ್ತಿಗೆ ನಾನು ಕಪಾಟಿನಿಂದ ಹಾಳೆಗಳ ಕಟ್ಟು ತೆಗೆದು ಹರಡಿದ್ದೆ. ಬೈಯಲು ಮೂರು ವಾಕ್ಯ ಸಿದ್ಧ ಮಾಡಿಟ್ಟುಕೊಂಡಿದ್ದೆ, ಅವರು ಮೊದಲು ಬಾಯಿ ತೆರೆದರು.

"ಮೊದಲನೇ ಶನಿವಾರ ಮೂರು ಹಾಳೆ ಖಾಲಿ ಇತ್ತು ಮೇಡಂ. ಒಂದು ಮನೇಲಿ ಅಮ್ಮನಿಗೆ ಜ್ವರ. ಒಂದು ಮನೇಲಿ ಅಪ್ಪನ ಕೆಲಸ ಹೋಗಿತ್ತು, ಒಳಗೆ ಕೂಗಾಟ. ಇನ್ನೊಂದು ಮಗು ಖಾಲಿ ಹಾಳೆ ಕ್ಲಿಪ್ಪಿಗೆ ಸಿಕ್ಸಿ ಅಳ್ತಾ ಓಡ್ತು. ಖಾಲಿ ತಂದುಕೊಟ್ರೆ ನೀವು ಸೊನ್ನೆ ಹಾಕ್ತೀರಿ. ಸೊನ್ನೆ ಹಾಕಿದ್ರೆ ಫೇಲು. ಮರದ ಕೆಳಗೆ ವ್ಯಾನ್ ನಿಲ್ಸಿ ನಾನೇ ಬರೆದೆ."

"ಮೂರು ಅಂತೀರಿ. ಇಲ್ಲಿ ಏಳಿದೆ."

"ಮಕ್ಕಳು ಬುದ್ಧಿವಂತರು. ವ್ಯಾನಿಗೆ ಹೋದ್ರೆ ಹಾಳೆ ತಾನಾಗೇ ತುಂಬುತ್ತೆ ಅಂತ ಗೊತ್ತಾಯ್ತು. ತಿಂಗಳಿಗೆಲ್ಲ ಏಳಕ್ಕೆ ಏಳೂ ಖಾಲಿ."

"ಒಬ್ಬರದೇ ಕೈ ಅಂತ ನಂಗೆ ಗೊತ್ತಾಗ್ಲೇ ಇಲ್ವಲ್ಲ!"

ಮಾವನ ಮುಖದಲ್ಲಿ ಅಷ್ಟು ಸಂಕಟದ ನಡುವೆಯೂ ಒಂದು ಹೆಮ್ಮೆ ಇಣುಕಿತು. "ಮೂರು ಜನಕ್ಕೆ ಬಲಗೈಲಿ ಬರೆದೆ. ಇಬ್ಬರಿಗೆ ಎಡಗೈಲಿ. ಇನ್ನಿಬ್ಬರಿಗೆ ಇಂಜಿನ್ ಚಾಲೂ ಮಾಡಿ ಬರೆದೆ, ಅಕ್ಷರ ನಡುಗ್ಲಿ ಅಂತ. ಎಲ್ಲಾ ಸರಿ ಇದ್ರೆ ನಿಮಗೆ ಅನುಮಾನ ಬರುತ್ತಲ್ಲ, ಅದಕ್ಕೆ ತಪ್ಪುಗಳನ್ನ ಹಂಚ್ತಿದ್ದೆ. ಈ ವಾರ ಇವನಿಗೆ ಎರಡು, ಮುಂದಿನ ವಾರ ಅವಳಿಗೆ ಎರಡು. ಕಿಟಕಿ ಸೀಟು ಹಂಚೋ ಹಾಗೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿದ್ಧ ಮಾಡಿಟ್ಟ ಮೂರು ವಾಕ್ಯಗಳೂ ಮರೆತುಹೋದವು. "ನಿಮಗೆ ಭಾಗಾಕಾರ ಬರುತ್ತಾ?" ಎಂದು ಕೇಳಿದೆ. ಬರುತ್ತಿರಲಿಲ್ಲ, ಕಲಿತೆ ಎಂದರು. ಚೋಟಿಯ ಪುಸ್ತಕವನ್ನು ಸ್ಟೇರಿಂಗಿನ ಮೇಲೆ ಒರಗಿಸಿಕೊಂಡು ಎರಡು ವಾರ ಒದ್ದಾಡಿದರಂತೆ. ನನಗೆ ನಂಬಿಕೆ ಬರಲಿಲ್ಲ. ಬೋರ್ಡಿನ ಮೇಲೆ ನಾನೂರ ಮೂವತ್ತೆರಡನ್ನು ಹನ್ನೆರಡರಿಂದ ಭಾಗಿಸಲು ಬರೆದು ಸೀಮೆಸುಣ್ಣ ಕೊಟ್ಟೆ. ಎದ್ದು ನಿಂತು, ತುಟಿಯಲ್ಲೇ ಮಗ್ಗಿ ಹೇಳಿಕೊಳ್ಳುತ್ತ, ಒಂದೂ ತಪ್ಪಿಲ್ಲದೆ ಮೂವತ್ತಾರು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

"ಇಷ್ಟು ಬರೋರು ಮೊಮ್ಮಗಳಿಗೆ ಹೇಳಿಕೊಡ್ಬಾರ್ದಿತ್ತಾ?" ನನ್ನ ಧ್ವನಿ ಏರಿತು.

"ಹೇಳಿಕೊಡೋಕೆ ಮೊದಲು ನಂಗೆ ಬರ್ಬೇಕಲ್ಲ ಮೇಡಂ. ಸೋಮವಾರ ಹಾಳೆ ಬಂದ್ರೆ ಶನಿವಾರದೊಳಗೆ ನಾನು ಕಲೀಬೇಕಿತ್ತು. ನಾನು ಕಲಿಯೋ ಹೊತ್ತಿಗೆ ಅವಳ ವರ್ಷ ಮುಗಿದುಹೋಯ್ತು."

ಆಮೇಲೆ ಅವರು ತಮ್ಮ ಕತೆ ಹೇಳಿದರು. ನಾಲ್ಕನೇ ತರಗತಿಯಲ್ಲಿದ್ದಾಗ ಅವರು ಕಾಮಾಲೆಯಾಗಿ ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಎದ್ದು ಬಂದಾಗ ಪರೀಕ್ಷೆ. ಫೇಲಾದರು. ಅದೇ ಬೆಂಚಿನಲ್ಲಿ ಎರಡನೇ ವರ್ಷ ಕೂತರು. ಆ ವರ್ಷ ಮೂರನೆಯದರಿಂದ ಪಾಸಾಗಿ ಬಂದವರಲ್ಲಿ ಅವರ ತಂಗಿಯೂ ಇದ್ದಳು. ಮೇಷ್ಟ್ರು ತಂಗಿಯನ್ನು ತಂದು ಅಣ್ಣನ ಪಕ್ಕದಲ್ಲೇ ಕೂರಿಸಿದರು. ಹುಡುಗರು ಅವರಿಗೆ ಗೂಟ ಎಂದು ಹೆಸರಿಟ್ಟರು, ಹೂತರೆ ಅಲ್ಲಾಡದು ಎಂದು. ಮೇಷ್ಟ್ರೂ ಹಾಜರಿ ಕೂಗುವಾಗ "ಗೂಟ ಇದೆಯಾ?" ಎನ್ನುತ್ತಿದ್ದರಂತೆ. ವರ್ಷದ ಕೊನೆಗೆ ತಂಗಿ ಪಾಸಾದಳು, ಅಣ್ಣ ಮತ್ತೆ ಫೇಲು. ಮರುದಿನವೇ ಲಾರಿಯೊಂದರ ಕ್ಲೀನರಾಗಿ ಹತ್ತಿದವರು ಇವತ್ತಿಗೂ ಸ್ಟೇರಿಂಗ್ ಬಿಟ್ಟಿಲ್ಲ.

"ತಂಗಿ ಬೈದಿಲ್ಲ, ಆಡ್ಕೊಂಡಿಲ್ಲ ಮೇಡಂ. ನಾನು ತಪ್ಪು ಬರೆಯೋವಾಗ ತನ್ನ ಸ್ಲೇಟು ನನ್ನ ಕಡೆ ತಿರುಗಿಸಿ ಇಡೋಳು, ನೋಡಿ ಬರ್ಕೊಳ್ಳಲಿ ಅಂತ. ಅದನ್ನೇ ತಡ್ಕೊಳ್ಳೋಕೆ ಆಗ್ಲಿಲ್ಲ."

ನೇರವಾಗಿ ನನ್ನ ಮುಖ ನೋಡಿ ಕೇಳಿದರು: "ಎರಡನೇ ವರ್ಷಾನೂ ಅದೇ ಮೇಷ್ಟ್ರು, ಅದೇ ಪಾಠ, ಅದೇ ಕೋಲು. ಮೊದಲನೇ ಸಲ ಅರ್ಥ ಆಗದ್ದು ಎರಡನೇ ಸಲ ಹೇಗೆ ಅರ್ಥ ಆಗ್ಬೇಕು? ಚೋಟಿನ ಮತ್ತೆ ಕೂರಿಸ್ತೀರಿ, ಸರಿ. ಈ ಸಲ ಏನು ಬೇರೆ ಮಾಡ್ತೀರಿ, ಹೇಳಿ?"

ಹದಿನೆಂಟು ವರ್ಷದಲ್ಲಿ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅಷ್ಟು ಗಂಟಲು ಹರಿದುಕೊಂಡ ನಾನೂ ಕೇಳಿಕೊಂಡಿರಲಿಲ್ಲ. ಮತ್ತೆ ಕೂರಿಸಿ ಎಂದಿದ್ದೆ, ಕೂರಿಸಿ ಏನು ಮಾಡುತ್ತೇನೆ ಎಂದು ಯೋಚಿಸಿರಲಿಲ್ಲ. ಅದೇ ನೋಟ್ಸು, ಅದೇ ಉದಾಹರಣೆ, ಅದೇ ಬಸ್ಸು. ಗೂಟ ಎಂದು ಯಾರಿಗಾದರೂ ಹೆಸರಿಡಬೇಕಿದ್ದರೆ ನನಗೇ ಇಡಬಹುದಿತ್ತು. ನಾಚಿಕೆಯಾಯಿತು, ಅದನ್ನು ಇಲ್ಲಿ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರ ಚಪ್ಪಲಿಯ ಸದ್ದಾಯಿತು. ಚೋಟಿ ನಿಂತಿದ್ದಳು. ಯಾವಾಗ ವ್ಯಾನಿನಿಂದ ಇಳಿದು ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಬೋರ್ಡಿನ ಮೇಲಿದ್ದ ಲೆಕ್ಕ ನೋಡಿದಳು.

"ಇದು ಅಜ್ಜ ಮಾಡಿದ್ದಾ?"

"ಹೌದಮ್ಮ" ಎಂದೆ.

"ನಂಗೆ ಗೊತ್ತಿತ್ತು. ಹಾಳೇಲಿ ಮಾರ್ಕ್ಸು ಬಂದಾಗ ಅಜ್ಜ ಎಷ್ಟು ಖುಷಿಯಾಗ್ತಿದ್ರು ಅಂದ್ರೆ... ನೂರು ಬಂದಿದ್ದು ಒಂದು ಹಾಳೇನ ನಿಮ್ಮ ಹತ್ರ ಇಸ್ಕೊಂಡು ವ್ಯಾನಲ್ಲಿ ಕನ್ನಡಿ ಹಿಂದೆ ಇಟ್ಕೊಂಡಿದ್ದಾರೆ. ಅದಕ್ಕೇ ನಾನು ಯಾರಿಗೂ ಹೇಳ್ಲಿಲ್ಲ."

ಮಾವ ತಲೆ ತಗ್ಗಿಸಿದರು. ಕದ್ದು ಹಾಲು ಕುಡಿಯುವ ಬೆಕ್ಕು ಕಣ್ಣು ಮುಚ್ಚಿಕೊಂಡಿತ್ತು, ಮಗು ಪೂರ್ತಿ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಚೋಟಿ ಹತ್ತಿರ ಬಂದು ಅವರ ಸೀಮೆಸುಣ್ಣದ ಬೆರಳು ಹಿಡಿದುಕೊಂಡಳು.

"ಅಜ್ಜ, ನಾಲ್ಕನೇ ಕ್ಲಾಸು ನೀವು ಪಾಸಾಗಿದ್ದೀರಿ. ಇನ್ನೊಂದ್ಸಲ ಕೂತು ನಾನೂ ಪಾಸಾಗ್ಬೇಕು."

ಆ ಮನುಷ್ಯ ಅತ್ತರು. ಮಕ್ಕಳ ಬೆಂಚಿನಲ್ಲಿ ಮಡಚಿಕೊಂಡು ಕೂತು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತ ಅತ್ತರು. ನನ್ನ ಮುಖ ಅವರಿಗೆ ಕಾಣಬಾರದೆಂದು ಹಾಳೆಗಳನ್ನು ಜೋಡಿಸುವ ನೆಪ ಮಾಡಿದೆ.

ಕೊನೆಗೆ ನಾನು ಬಾಯಿ ಬಿಟ್ಟೆ. "ಬೇರೆ ಏನು ಮಾಡ್ತೀನಿ ಅಂತ ಕೇಳಿದ್ರಲ್ಲ. ದಿನಾ ಊಟ ಆದ್ಮೇಲೆ ಅರ್ಧ ಗಂಟೆ ಚೋಟಿ ನನ್ನ ಮೇಜಿನ ಪಕ್ಕ. ಮೂರನೇ ಕ್ಲಾಸಿನ ಪುಸ್ತಕದಿಂದ ಶುರು. ಅವಳಿಗೆ ಅರ್ಥ ಆಗ್ದಿದ್ರೆ ನಾನು ಹೇಳೋ ರೀತಿ ಬದಲಾಯಿಸ್ತೀನಿ, ಅವಳನ್ನ ಬೈಯಲ್ಲ. ಇದು ನನ್ನ ಪಾಲು. ಓದಿಸೋದು ನಿಮ್ಮ ಪಾಲು."

"ನಂಗೆ ಹೊತ್ತೆಲ್ಲಿದೆ ಮೇಡಂ?"

"ಗೇಟಲ್ಲಿ ಹತ್ತು ನಿಮಿಷ ಇಂಜಿನ್ ಆರಿಸಿ ಕೂತಿರ್ತೀರಲ್ಲ, ಅದೇನು ಹೊತ್ತಲ್ವಾ?"

ಅವರು ವಾಚು ನೋಡಿದರು, ಗೇಟು ಅಲ್ಲೇ ಇದೆಯೋ ಎನ್ನುವಂತೆ. ಮಗಳಿಗೆ ಫೋನು ಮಾಡಿದರು. ಆಸ್ಪತ್ರೆಯ ಗದ್ದಲದ ನಡುವೆ ಅವಳು ಎಲ್ಲ ಕೇಳಿಸಿಕೊಂಡು, "ಅಪ್ಪಾ, ಅವಳೇ ಬೇಕು ಅಂತಿದ್ದಾಳಲ್ಲ. ಇನ್ಯಾಕೆ ಯೋಚನೆ?" ಎಂದಳು. ಮಾವ ಅರ್ಜಿಯನ್ನು ಎರಡು ಸಲ ಓದಿ, ಬಲಗೈಯಲ್ಲಿ, ಇಂಜಿನ್ ಆರಿದ ಸಾವಧಾನದ ಅಕ್ಷರದಲ್ಲಿ ಸಹಿ ಮಾಡಿದರು.

ಉಳಿದ ಆರು ಮಕ್ಕಳು ಮುಂದೆ ಹೋಗಲಿ, ಶನಿವಾರ ಬೆಳಿಗ್ಗೆ ನನ್ನ ಹತ್ತಿರ ಬರಲಿ ಎಂದು ನಿರ್ಧಾರವಾಯಿತು. ಹೆಡ್ಮಾಸ್ಟರಿಗೆ ಹೇಳಿದಾಗ ಅವರು ತಲೆಯ ಮೇಲೆ ಕೈ ಹೊತ್ತು, "ಇದು ಈ ಕೋಣೆ ದಾಟಬಾರದು" ಎಂದರು. ಮಾವ ಕೇಳಲಿಲ್ಲ. ಅದೇ ಭಾನುವಾರ ಆರೂ ಮನೆಗೆ ಹೋಗಿ, ಹಾಳೆ ಕೊಡುತ್ತಿದ್ದ ಜಾಗದಲ್ಲೇ ಕಾಂಪೌಂಡಿನ ಹೊರಗೆ ನಿಂತು, "ನಿಮ್ಮ ಮಗು ಬರೆದಿಲ್ಲ, ನಾನು ಬರೆದೆ, ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ" ಎಂದು ಹೇಳಿ ಬಂದರು. ಒಬ್ಬ ತಾಯಿ ಬೀದಿಗೆ ಕೇಳುವಂತೆ ಬೈದಳು. ಇನ್ನೊಬ್ಬಳು, "ಗೊತ್ತಿತ್ತು, ಆಗ ನಮಗೆ ಉಸಿರಾಡೋದೇ ದೊಡ್ಡದಾಗಿತ್ತು" ಎಂದಳಂತೆ. ಮಕ್ಕಳನ್ನು ವ್ಯಾನಿನಿಂದ ಯಾರೂ ಬಿಡಿಸಲಿಲ್ಲ.

ಹೊಸ ವರ್ಷದ ಪಾಠ ಶುರುವಾಗುವ ದಿನ ನನ್ನ ಸ್ಕೂಟರ್ ಚೆನ್ನಾಗಿಯೇ ಇತ್ತು. ಆದರೂ ರಸ್ತೆಯಲ್ಲಿ ನಿಂತು ವ್ಯಾನಿಗೆ ಕೈ ಅಡ್ಡ ಹಿಡಿದೆ. ಕೊನೆಯ ಮಗು ಹತ್ತಿತು. ಮಾವ ಬಾಗಿಲಲ್ಲಿ ನಿಂತರು. ಮಕ್ಕಳು ಬ್ಯಾಗು ಹಿಡಿದು ಕಾಯುತ್ತಿದ್ದರು. ಅವರ ಬಾಯಿ ತೆರೆಯಿತು, ಕೂಗು ಬರಲಿಲ್ಲ.

"ಏಳ್ರೋ, ಮುಂದಕ್ಕೆ ಬನ್ರೋ!" ಎಂದು ಕೂಗಿದ್ದು ಚೋಟಿ. ಕಿಟಕಿಯ ಪಕ್ಕ ತನ್ನ ಜಾಗದಲ್ಲಿ ಕೂತೇ ಕೂಗಿದಳು. ಸಾಲುಗಳು ಸರಿದವು. ಆರು ಜನ ಮುಂದಿನ ಸಾಲಿಗೆ ಹೋದರು. ಹಿಂದಿನಿಂದ ಬಂದ ಪುಟ್ಟ ಹುಡುಗಿಯೊಬ್ಬಳು ಚೋಟಿಯ ಪಕ್ಕ ಕೂತು, "ಅಕ್ಕ, ನೀನು ಫೇಲಾ?" ಎಂದು ಕೇಳಿಯೇಬಿಟ್ಟಳು. ಬಾಗಿಲಲ್ಲೇ ನಿಂತಿದ್ದ ಮಾವನ ಮುಖ ಬಿಳುಚಿದ್ದು ನನಗೆ ಕಂಡಿತು.

"ಇಲ್ವೇ, ನಂಗೆ ಗೇಟ್ ಹಾಕಿತ್ತು" ಎಂದಳು ಚೋಟಿ. ದಿನವೂ ಗೇಟಿನಲ್ಲಿ ನಿಲ್ಲುವ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಪುಟ್ಟ ಹುಡುಗಿ ತಲೆಯಾಡಿಸಿ ಟಿಫಿನ್ ಡಬ್ಬಿ ಸರಿಪಡಿಸಿಕೊಂಡಳು.

ಎಂಟು ಇಪ್ಪತ್ತಕ್ಕೆ ಕಂಬಿ ಇಳಿಯಿತು. ಮಾವ ಇಂಜಿನ್ ಆರಿಸಿ, ಮೂರನೇ ತರಗತಿಯ ಪುಸ್ತಕ ತೆಗೆದು ಹಿಂದಕ್ಕೆ ಚಾಚಿದರು. ಚೋಟಿ ಬೆರಳಿಟ್ಟು ಓದತೊಡಗಿದಳು. ಬಾವಿಗೆ ಬಿದ್ದ ಆಮೆಯ ಪಾಠ. ಒಂದೊಂದೇ ಅಕ್ಷರ, ನಡುವೆ ಉಸಿರು, ಮತ್ತೆ ಅಕ್ಷರ. ವ್ಯಾನಿನಲ್ಲಿ ಯಾರೂ ಪಿಟ್ಟೆನ್ನಲಿಲ್ಲ. ಗೂಡ್ಸ್ ಗಾಡಿ ಗಡಗಡ ಹೋಗುವಾಗ ಅವಳು ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದ ಹಿಡಿದಳು. ಕಂಬಿ ಮೇಲೆದ್ದಾಗ ಅವಳು ಪುಟದ ಕೊನೆಯ ವಾಕ್ಯದ ನಡುವಿನಲ್ಲಿದ್ದಳು.

ಹಿಂದಿನ ಲಾರಿ ಹಾರನ್ ಹೊಡೆಯಿತು. ಅದರ ಹಿಂದಿನ ಕಾರು, ಮೂರು ಬೈಕು, ಒಂದು ಬಸ್ಸು ಎಲ್ಲ ಸೇರಿಕೊಂಡವು. ಮೂವತ್ತು ವರ್ಷ ಒಂದು ನಿಮಿಷವೂ ತಡಮಾಡದ ಮಾವ ಕೀ ಮುಟ್ಟಲಿಲ್ಲ. ಲಾರಿಯ ಡ್ರೈವರು ಇಳಿದು ಬಂದು ಕಿಟಕಿ ಬಡಿದ. "ಏನ್ರೀ, ನಿದ್ದೇನಾ? ಗೇಟ್ ತೆಗೆದು ಎಷ್ಟು ಹೊತ್ತಾಯ್ತು!"

ಮಾವ ತುಟಿಯ ಮೇಲೆ ಬೆರಳಿಟ್ಟರು. "ಇರಪ್ಪ ಸ್ವಲ್ಪ" ಎಂದರು, ನಾನು ಎಂದೂ ಕೇಳಿರದ ಮೆಲುದನಿಯಲ್ಲಿ. "ಮೊಮ್ಮಗಳು ಓದ್ತಿದ್ದಾಳೆ. ವಾಕ್ಯ ಮುಗೀಲಿ."

ಲಾರಿಯವನೂ ನಿಂತ. ಚೋಟಿ ಕೊನೆಯ ಪದ ಓದಿ ಮುಗಿಸಿ, ಪುಸ್ತಕ ಮುಚ್ಚಿ, "ಆಯ್ತು ಅಜ್ಜ" ಎಂದಳು. ವ್ಯಾನಿನೊಳಗೆ ಅಜ್ಜ ಎಂದದ್ದಕ್ಕೆ ಮಾವ ಬೈಯಲಿಲ್ಲ. ಇಂಜಿನ್ ಚಾಲೂ ಮಾಡಿದರು. ಅವತ್ತು ನಾವು ಶಾಲೆ ತಲುಪಿದಾಗ ಎಂಟು ನಲವತ್ತೆರಡಾಗಿತ್ತು.